ಹಣೆ ತಣ್ಣಗೇ ಇತ್ತು: ಕಲಬುರಗಿಯ ಮೊದಲ ಕೋವಿಡ್ ಸಾವು ಮತ್ತು ವಿಮಾನ ನಿಲ್ದಾಣದ ತಪಾಸಣೆ

2020ರ ಫೆಬ್ರವರಿ 29, ಶನಿವಾರ. ಸೌದಿ ಅರೇಬಿಯಾದಲ್ಲಿ ಒಂದು ತಿಂಗಳು ಇದ್ದು ಬಂದ ಕಲಬುರಗಿಯ ಹಿರಿಯರೊಬ್ಬರು ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಇಳಿದರು. ವಯಸ್ಸು ಎಪ್ಪತ್ತು ದಾಟಿತ್ತು. ಬಿಪಿ ಇತ್ತು, ಆಸ್ತಮಾ ಇತ್ತು. ನಿಲ್ದಾಣದಲ್ಲಿ ಅವರ ತಪಾಸಣೆ ಆಯಿತು. ಜ್ವರ ಇಲ್ಲ, ಕೆಮ್ಮು ಇಲ್ಲ. ಹೊರಗೆ ಬಂದು ಊರಿನ ದಾರಿ ಹಿಡಿದರು. ಮಾರ್ಚ್ 10ರಂದು ಅವರನ್ನು ಮತ್ತೆ ಹೈದರಾಬಾದ್‌ನಿಂದ ಕಲಬುರಗಿಗೆ ಕರೆತರುತ್ತಿದ್ದಾಗ ದಾರಿಯಲ್ಲೇ ಜೀವ ಹೋಯಿತು. ಎರಡು ದಿನ ಬಿಟ್ಟು, ಮಾರ್ಚ್ 12ರ ರಾತ್ರಿ, ಲ್ಯಾಬ್ ವರದಿ ಪಾಸಿಟಿವ್ ಎಂಬ ಸುದ್ದಿ ಬಂತು. ಭಾರತದ ಮೊದಲ ಕೋವಿಡ್ ಸಾವು ಅದು.

ಆ ವಾರ ಎಲ್ಲರ ಬಾಯಲ್ಲೂ ಒಂದೇ ಮಾತು: "ಏರ್‌ಪೋರ್ಟ್‌ನಲ್ಲೇ ಯಾಕೆ ಹಿಡಿಯಲಿಲ್ಲ?" ಚಹಾ ಅಂಗಡಿಯಲ್ಲಿ, ಟಿವಿ ಚರ್ಚೆಯಲ್ಲಿ, ವಾಟ್ಸಾಪ್‌ನಲ್ಲಿ ಇದೇ. ಆದರೆ ಆ ದಿನಗಳ ಲೆಕ್ಕವನ್ನು ಒಂದೊಂದಾಗಿ ಮುಂದಿಟ್ಟುಕೊಂಡು ನೋಡಿದರೆ ಈ ಪ್ರಶ್ನೆ ನಿಲ್ಲುವುದಿಲ್ಲ. ಹಿಡಿಯುವುದಕ್ಕೆ ಅಂದು ಅವರ ಮೈಯಲ್ಲಿ ಏನೂ ಕಾಣುತ್ತಿರಲಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ನಿಲ್ದಾಣದ ಬಾಗಿಲು ದಾಟಿದ ಮೇಲೆ, ಮುಂದಿನ ಆರು ದಿನ ಅವರು ವಿದೇಶದಿಂದ ಬಂದವರು ಅಂತ ಆರೋಗ್ಯ ಇಲಾಖೆಯಲ್ಲಿ ಯಾರು ಬರೆದಿಟ್ಟುಕೊಂಡಿದ್ದರು?

ದಿನ ದಿನದ ಲೆಕ್ಕ

ಅವರು ಸೌದಿಗೆ ಹೋದದ್ದು ಜನವರಿ 29ಕ್ಕೆ. ಮರುದಿನವೇ ಕೇರಳದ ತ್ರಿಶೂರಿನಲ್ಲಿ ಭಾರತದ ಮೊದಲ ಕೋವಿಡ್ ಪ್ರಕರಣ ಗೊತ್ತಾಯಿತು. ವುಹಾನ್‌ನಿಂದ ಬಂದ ವಿದ್ಯಾರ್ಥಿನಿ. ಅದೇ ಜನವರಿ 30ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಆರೋಗ್ಯ ತುರ್ತು ಪರಿಸ್ಥಿತಿ ಘೋಷಿಸಿತು. ಅಂದರೆ ಈ ಹಿರಿಯರು ಮನೆ ಬಿಟ್ಟಾಗ ಇದ್ದ ಲೋಕವೇ ಬೇರೆ, ವಾಪಸ್ ಬಂದಾಗ ಇದ್ದ ಲೋಕವೇ ಬೇರೆ.

ಫೆಬ್ರವರಿ 29ಕ್ಕೆ ಊರಿಗೆ ಬಂದರು. ಕೇಂದ್ರ ಆರೋಗ್ಯ ಇಲಾಖೆಯ ಹೇಳಿಕೆ ಅಲ್ಲಿಂದ ನೇರವಾಗಿ ಮಾರ್ಚ್ 6ಕ್ಕೆ ಹಾರುತ್ತದೆ. ಅಂದು ಜ್ವರ, ಕೆಮ್ಮು ಶುರುವಾಯಿತು. ಖಾಸಗಿ ಡಾಕ್ಟರ್ ಒಬ್ಬರು ಮನೆಗೇ ಬಂದು ನೋಡಿ ಔಷಧಿ ಕೊಟ್ಟರು. ಮಾರ್ಚ್ 9ಕ್ಕೆ ಜಾಸ್ತಿಯಾಯಿತು. ಕಲಬುರಗಿಯ ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಅಲ್ಲಿನ ವೈದ್ಯರಿಗೆ ಇದು ವೈರಲ್ ನ್ಯುಮೋನಿಯಾ, ಕೋವಿಡ್ ಇರಬಹುದು ಅಂತ ಅನುಮಾನ ಬಂತು. ಅಂದೇ ಊರಿನ ಸರ್ಕಾರಿ ವೈದ್ಯಕೀಯ ಕಾಲೇಜಾದ ಜಿಮ್ಸ್‌ನವರು ಗಂಟಲು ದ್ರವದ ಮಾದರಿ ತೆಗೆದು ಬೆಂಗಳೂರಿಗೆ ಕಳಿಸಿದರು. ಕಲಬುರಗಿಯಿಂದ ಬೆಂಗಳೂರು ಸುಮಾರು 600 ಕಿಲೋಮೀಟರ್. ವರದಿ ಬರುವವರೆಗೆ ಕಾಯಲು ಮನೆಯವರಿಗೆ ಮನಸ್ಸು ಒಪ್ಪಲಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿ ಬಂದು, ಜಿಮ್ಸ್‌ನ ಪ್ರತ್ಯೇಕ ವಾರ್ಡಿಗೆ ಸೇರಿಸಿ ಅಂತ ಹೇಳಿದರು. ಮನೆಯವರು ಒಪ್ಪದೆ ಹೈದರಾಬಾದ್‌ನ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮರುದಿನ ಅಲ್ಲಿಂದ ಡಿಸ್ಚಾರ್ಜ್ ಆಗಿ ಕಲಬುರಗಿಗೆ ವಾಪಸ್ ಬರುವಾಗ ತೀರಿಕೊಂಡರು.

ಮನೆಯವರನ್ನು ಬೈದವರು ಆಗ ಬಹಳ ಜನ. ನನಗೆ ಬೈಯಲು ಮನಸ್ಸು ಬರುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಹೈದರಾಬಾದ್. ಅದು ಇವತ್ತಿನ ಮಾತಲ್ಲ, ನಿಜಾಮರ ಕಾಲದಿಂದ ಬಂದ ನಂಟು. ರಸ್ತೆಯಲ್ಲಿ 220 ಕಿಲೋಮೀಟರ್ ಅಷ್ಟೇ. ಬೆಂಗಳೂರಿಗೆ ಹೋಗುವುದಕ್ಕಿಂತ ಎಷ್ಟೋ ಹತ್ತಿರ. ಅಪ್ಪನಿಗೆ ಉಸಿರು ಸಿಕ್ಕಿಕೊಳ್ಳುತ್ತಿದೆ, ಯಾರೂ ಕಂಡು ಕೇಳದ ಕಾಯಿಲೆಯ ಹೆಸರು ಹೇಳುತ್ತಿದ್ದಾರೆ, ಒಬ್ಬರನ್ನೇ ಪ್ರತ್ಯೇಕ ವಾರ್ಡಿನಲ್ಲಿ ಬಿಟ್ಟು ಹೋಗಿ ಅಂತಿದ್ದಾರೆ. ಆ ರಾತ್ರಿ ನಮ್ಮಲ್ಲಿ ಎಷ್ಟು ಜನ ಕಾಯುತ್ತಿದ್ದೆವು?

ಸಾವಿನ ನಂತರ ನಡೆದದ್ದನ್ನು ಸ್ವಲ್ಪದರಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಎರಡೂ ರಾಜ್ಯಗಳಲ್ಲಿ ಸಂಪರ್ಕಕ್ಕೆ ಬಂದವರ ಪಟ್ಟಿ ಮಾಡಲು ಓಡಾಟ ಶುರುವಾಯಿತು. ಮನೆಯವರಲ್ಲಿ ಒಬ್ಬರಿಗೆ, ಅವರನ್ನು ನೋಡಿದ್ದ ಡಾಕ್ಟರ್ ಒಬ್ಬರಿಗೆ ಸೋಂಕು ಇರುವುದು ಗೊತ್ತಾಯಿತು. ಮಾರ್ಚ್ 13ಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜ್ಯದಲ್ಲಿ ಮಾಲ್, ಸಿನಿಮಾ ಮಂದಿರ, ಮದುವೆ ಸಮಾರಂಭಗಳಿಗೆ ಒಂದು ವಾರ ತಡೆ ಹಾಕಿದರು. ದೇಶದ ಲಾಕ್‌ಡೌನ್‌ಗೆ ಇನ್ನೂ ಹನ್ನೊಂದು ದಿನ ಇತ್ತು.

ಆ ಗನ್ನು ನೋಡುವುದು ಏನನ್ನು?

ವಿಮಾನ ನಿಲ್ದಾಣದಲ್ಲಿ ಹಣೆಗೆ ಹಿಡಿಯುವ ಆ ಬಿಳಿ ಗನ್ನು ಈಗ ಎಲ್ಲರಿಗೂ ಗೊತ್ತು. ಚರ್ಮದಿಂದ ಹೊರಡುವ ಶಾಖವನ್ನು ಅಳೆದು ಒಂದು ಅಂಕಿ ತೋರಿಸುತ್ತದೆ. ಅಷ್ಟೇ ಅದರ ಕೆಲಸ. ಅದಕ್ಕೆ ವೈರಸ್ ಕಾಣುವುದಿಲ್ಲ. ಜ್ವರ ಕೂಡ ನೇರವಾಗಿ ಕಾಣುವುದಿಲ್ಲ. ಕಾಣುವುದು ಹಣೆಯ ಮೇಲ್ಮೈ ಬಿಸಿ ಮಾತ್ರ. ಎಸಿ ಗಾಳಿಯಲ್ಲಿ ನಾಲ್ಕೈದು ಗಂಟೆ ಕೂತು ಬಂದ ಹಣೆ, ಬೆವರು ಒರೆಸಿಕೊಂಡ ಹಣೆ, ವಿಮಾನ ಇಳಿಯುವ ಎರಡು ಗಂಟೆ ಮುಂಚೆ ಪ್ಯಾರಾಸಿಟಮಾಲ್ ನುಂಗಿದವರ ಹಣೆ ಎಲ್ಲ ತಣ್ಣಗೇ ಇರುತ್ತವೆ. ಮಾತ್ರೆ ನುಂಗಿದವರೆಲ್ಲ ಮೋಸ ಮಾಡಬೇಕು ಅಂತ ನುಂಗಿದವರಲ್ಲ. ಮೈಕೈ ನೋವು ಅಂತ ನುಂಗಿರುತ್ತಾರೆ. ಮನೆಗೆ ಹೋದರೆ ಸಾಕು ಅನ್ನುವುದಷ್ಟೇ ಅವರ ತಲೆಯಲ್ಲಿ ಇರುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಸಮಯದ್ದು. ಕೋವಿಡ್‌ನ ಮೊದಲ ಅಲೆಯ ವೈರಸ್ ಮೈಗೆ ಹೊಕ್ಕ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಐದಾರು ದಿನ ಹಿಡಿಯುತ್ತಿತ್ತು. ಕೆಲವರಿಗೆ ಹದಿನಾಲ್ಕು ದಿನದವರೆಗೂ. ವಿಮಾನ ಪ್ರಯಾಣ ಕೆಲವೇ ಗಂಟೆ. ಈ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟರೆ ಉತ್ತರ ತಾನಾಗೇ ಬರುತ್ತದೆ. ಸೋಂಕು ತಗುಲಿದ ಬಹಳಷ್ಟು ಜನ ಲಕ್ಷಣ ಹುಟ್ಟುವ ಮುಂಚೆಯೇ ವಿಮಾನ ಹತ್ತಿ ಇಳಿದಿರುತ್ತಾರೆ. 2020ರ ಆರಂಭದಲ್ಲೇ ಲಂಡನ್ನಿನ ಸಂಶೋಧಕರು ಲೆಕ್ಕ ಹಾಕಿ ಹೇಳಿದ್ದರು: ಹೊರಡುವಾಗ, ಇಳಿಯುವಾಗ ಎರಡೂ ಕಡೆ ಜ್ವರ ನೋಡಿದರೂ ಸೋಂಕು ಇರುವ 100 ಪ್ರಯಾಣಿಕರಲ್ಲಿ ಸುಮಾರು 46 ಜನ ಸಿಗದೇ ದಾಟುತ್ತಾರೆ. ಕಲಬುರಗಿಯ ಹಿರಿಯರಿಗೆ ಜ್ವರ ಬಂದದ್ದು ಇಳಿದ ಆರನೇ ದಿನ. ಅವರು ಆ 46ರಲ್ಲಿ ಒಬ್ಬರು.

ಹಳೆಯ ಅನುಭವವೂ ಇದನ್ನೇ ಹೇಳುತ್ತದೆ. 2003ರಲ್ಲಿ ಸಾರ್ಸ್ ಎಂಬ ಉಸಿರಾಟದ ಸೋಂಕು ಬಂದಾಗ ಕೆನಡಾ ತನ್ನ ವಿಮಾನ ನಿಲ್ದಾಣಗಳಲ್ಲಿ ಸುಮಾರು 65 ಲಕ್ಷ ಪ್ರಯಾಣಿಕರನ್ನು ತಪಾಸಣೆ ಮಾಡಿತು. ಅವರಲ್ಲಿ ಸುಮಾರು 9,100 ಜನರನ್ನು ಪಕ್ಕಕ್ಕೆ ಕರೆದು ಮುಂದಿನ ಪರೀಕ್ಷೆಗೆ ಕಳಿಸಿತು. ಒಬ್ಬರಲ್ಲೂ ಸಾರ್ಸ್ ಸಿಗಲಿಲ್ಲ. 2014ರ ಎಬೋಲಾ ಸಮಯದಲ್ಲಿ ಪಶ್ಚಿಮ ಆಫ್ರಿಕಾದ ಮೂರು ದೇಶಗಳಿಂದ ಹೊರಡುವವರನ್ನು ನಿಲ್ದಾಣದಲ್ಲೇ ನೋಡಿ ಬಿಡುತ್ತಿದ್ದರು. ಮೊದಲ ಎರಡು ತಿಂಗಳಲ್ಲಿ ಸುಮಾರು 36,000 ಜನರ ತಪಾಸಣೆ ಆಯಿತು. 77 ಜನರನ್ನು ವಿಮಾನ ಹತ್ತಲು ಬಿಡಲಿಲ್ಲ. ಅವರಲ್ಲಿ ಯಾರಿಗೂ ಎಬೋಲಾ ಇರಲಿಲ್ಲ. ಹಲವರಿಗೆ ಇದ್ದದ್ದು ಮಲೇರಿಯಾ.

ಹಾಗಂತ ನಿಲ್ದಾಣದ ತಪಾಸಣೆ ಎಲ್ಲವೂ ದಂಡ ಅಂತ ನಾನು ಹೇಳುತ್ತಿಲ್ಲ. ಹಳದಿ ಜ್ವರದ ವಿಷಯ ನೋಡಿ. ಆ ಜ್ವರ ಇರುವ ಆಫ್ರಿಕಾ, ದಕ್ಷಿಣ ಅಮೆರಿಕದ ದೇಶಗಳಿಂದ ಬರುವವರು ಲಸಿಕೆಯ ಹಳದಿ ಪುಸ್ತಕ ತೋರಿಸಲೇಬೇಕು. ಲಸಿಕೆ ಹಾಕಿಸಿ ಹತ್ತು ದಿನ ಆಗಿರಬೇಕು. ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್. ಮಂತ್ರಿ ಆಗಲಿ, ವ್ಯಾಪಾರಿ ಆಗಲಿ, ನಿಯಮ ಒಂದೇ. ಆ ಜ್ವರ ಹರಡುವ ಈಡಿಸ್ ಸೊಳ್ಳೆ ನಮ್ಮ ಹೂಕುಂಡದಲ್ಲೂ ಇದೆ, ಆದರೂ ಹಳದಿ ಜ್ವರ ಭಾರತದಲ್ಲಿ ಇಲ್ಲ. ಇಲ್ಲಿ ಅಧಿಕಾರಿ ಹಣೆ ಮುಟ್ಟಿ ನೋಡುವುದಿಲ್ಲ. ಎಲ್ಲಿಂದ ಬಂದಿರಿ, ರಕ್ಷಣೆ ಇದೆಯಾ ಅಂತ ಕೇಳುತ್ತಾರೆ, ದಾಖಲೆ ನೋಡುತ್ತಾರೆ. ಹೊಸ ಕಾಯಿಲೆಗೆ ಲಸಿಕೆ ಇರುವುದಿಲ್ಲ, ಪುಸ್ತಕವೂ ಇರುವುದಿಲ್ಲ. ಆಗ ಕೈಯಲ್ಲಿ ಉಳಿಯುವುದು ಪ್ರಯಾಣಿಕರ ಮಾತು ಮತ್ತು ಅವರ ವಿಳಾಸ.

ಪಟ್ಟಿಯಲ್ಲಿ ಇಲ್ಲದ ದೇಶ

ಭಾರತ ತಪಾಸಣೆ ಶುರುಮಾಡಿದ್ದು ಬೇಗನೇ. 2020ರ ಜನವರಿ ಮೂರನೇ ವಾರಕ್ಕೇ ದೆಹಲಿ, ಮುಂಬೈ, ಕೋಲ್ಕತ್ತದಲ್ಲಿ ಚೀನಾದಿಂದ ಬಂದವರನ್ನು ನೋಡುತ್ತಿದ್ದರು. ಜನವರಿ 21ಕ್ಕೆ ಬೆಂಗಳೂರು, ಹೈದರಾಬಾದ್, ಚೆನ್ನೈ, ಕೊಚ್ಚಿ ಸೇರಿದವು. ಆಮೇಲೆ ಸಿಂಗಾಪುರ, ಥಾಯ್ಲೆಂಡ್, ಜಪಾನ್, ದಕ್ಷಿಣ ಕೊರಿಯಾ ಹೀಗೆ ಒಂದೊಂದೇ ದೇಶ ಪಟ್ಟಿಗೆ ಬಂತು. ಎಲ್ಲ ದೇಶಗಳಿಂದ ಬರುವ ಪ್ರತಿಯೊಬ್ಬರನ್ನೂ ನೋಡಬೇಕು ಎಂಬ ತೀರ್ಮಾನ ಆದದ್ದು ಮಾರ್ಚ್ 4ಕ್ಕೆ.

ಪಟ್ಟಿಯ ಕಷ್ಟ ಏನೆಂದರೆ, ಕಾಯಿಲೆ ಒಂದು ದೇಶದಲ್ಲಿ ಪತ್ತೆಯಾದ ಮೇಲಷ್ಟೇ ಆ ದೇಶದ ಹೆಸರು ಅದರಲ್ಲಿ ಸೇರುತ್ತದೆ. ಪತ್ತೆಯಾಗುವ ಮುಂಚೆ ಅದು ಅಲ್ಲಿ ವಾರಗಟ್ಟಲೆ ಓಡಾಡಿರುತ್ತದೆ. ಫೆಬ್ರವರಿ 27ಕ್ಕೆ ಸೌದಿ ಸರ್ಕಾರ ಹೊರದೇಶದ ಉಮ್ರಾ ಯಾತ್ರಿಕರು ಬರುವುದನ್ನು ನಿಲ್ಲಿಸಿತು. ಮುನ್ನೆಚ್ಚರಿಕೆಗೆ ಅಂತ. ಆಗ ಸೌದಿಯ ಲೆಕ್ಕದಲ್ಲಿ ಒಂದೂ ಪ್ರಕರಣ ಇರಲಿಲ್ಲ. ಮೊದಲ ಪ್ರಕರಣ ಅಲ್ಲಿ ಪ್ರಕಟವಾದದ್ದು ಮಾರ್ಚ್ 2ಕ್ಕೆ. ನಮ್ಮ ಹಿರಿಯರು ಅಷ್ಟರಲ್ಲಿ ಮನೆ ಸೇರಿ ಎರಡು ದಿನ ಆಗಿತ್ತು.

ಕರ್ನಾಟಕದ ಮೊದಲ ಪಾಸಿಟಿವ್ ಪ್ರಕರಣದಲ್ಲೂ ಹೀಗೇ ಆಯಿತು. ಅಮೆರಿಕದಿಂದ ದುಬೈ ಮೂಲಕ ಬಂದ ಸಾಫ್ಟ್‌ವೇರ್ ಉದ್ಯೋಗಿ ಮಾರ್ಚ್ 1ಕ್ಕೆ ಬೆಂಗಳೂರಿನಲ್ಲಿ ಇಳಿದರು. ಸೋಂಕು ಗೊತ್ತಾದದ್ದು ಮಾರ್ಚ್ 9ಕ್ಕೆ. ಆ ಎಂಟು ದಿನದಲ್ಲಿ ಅವರ ಸಂಪರ್ಕಕ್ಕೆ 2,666 ಜನ ಬಂದಿದ್ದರು ಅಂತ ಆಗಿನ ಸಚಿವ ಡಾ. ಕೆ. ಸುಧಾಕರ್ ಹೇಳಿದ್ದರು. ಒಬ್ಬರ ಹಿಂದೆ 2,666 ಜನ. ಫೋನ್ ಹಿಡಿದು ಅವರನ್ನೆಲ್ಲ ಹುಡುಕುವ ಆರೋಗ್ಯ ಸಿಬ್ಬಂದಿಯ ಕಷ್ಟ ಊಹಿಸಿಕೊಳ್ಳಿ.

ಬಾಗಿಲು ಆ ರಾಜ್ಯದಲ್ಲಿ, ಮನೆ ಈ ರಾಜ್ಯದಲ್ಲಿ

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಜಾಗ ಇದು.

ವಿಮಾನ ನಿಲ್ದಾಣದ ಆರೋಗ್ಯ ಕಚೇರಿ ಕೇಂದ್ರ ಸರ್ಕಾರದ್ದು. ಹೈದರಾಬಾದ್ ಇರುವುದು ತೆಲಂಗಾಣದಲ್ಲಿ. ಪ್ರಯಾಣಿಕರ ಮನೆ ಕರ್ನಾಟಕದಲ್ಲಿ. ಮನೆ ಬಾಗಿಲಿಗೆ ಹೋಗಿ ವಿಚಾರಿಸಬೇಕಾದವರು ಆ ಬಡಾವಣೆಯ ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಸಹಾಯಕಿ. ಪ್ರಯಾಣಿಕರ ಹೆಸರು, ಫೋನ್ ನಂಬರ್ ನಿಲ್ದಾಣದಿಂದ ಹೊರಟು, ರಾಜ್ಯಕ್ಕೆ ಬಂದು, ಜಿಲ್ಲೆಗೆ ಇಳಿದು, ಅಲ್ಲಿಂದ ಆ ಆಶಾ ಕೈಗೆ ಸೇರಬೇಕು. ಈ ದಾರಿಯಲ್ಲಿ ಒಂದು ಕಡೆ ಕಾಗದ ನಿಂತರೂ ಮುಗಿಯಿತು. ಬೆಂಗಳೂರಿನಲ್ಲಿ ಇಳಿದು ಬೆಂಗಳೂರಿನ ಮನೆಗೆ ಹೋದವರನ್ನು ಹುಡುಕುವುದು ಇದ್ದುದರಲ್ಲಿ ಸುಲಭ. ಹೈದರಾಬಾದ್‌ನಲ್ಲಿ ಇಳಿದು ಕಲಬುರಗಿಗೆ, ಗೋವಾದಲ್ಲಿ ಇಳಿದು ಕಾರವಾರಕ್ಕೆ, ಮುಂಬೈಯಲ್ಲಿ ಇಳಿದು ವಿಜಯಪುರಕ್ಕೆ ಹೋಗುವವರು ಎರಡು ರಾಜ್ಯಗಳ ನಡುವಿನ ಸಂದಿಯಲ್ಲಿ ಬೀಳುತ್ತಾರೆ. ಗಡಿ ಜಿಲ್ಲೆಯ ಜನಕ್ಕೆ ಇದು ಹೊಸದಲ್ಲ. ರೇಷನ್ ಕಾರ್ಡಿನಿಂದ ಹಿಡಿದು ಎಲ್ಲದಕ್ಕೂ ಅವರು ಈ ಸಂದಿಯನ್ನು ಕಂಡವರು. ಕಲಬುರಗಿಗೆ ವಿಮಾನ ನಿಲ್ದಾಣ ಬಂದದ್ದು 2019ರ ನವೆಂಬರ್‌ನಲ್ಲಿ. ಅದೂ ದೇಶದೊಳಗಿನ ವಿಮಾನಗಳಿಗೆ.

ಇನ್ನು ಮನೆಯೊಳಗಿನ ಮಾತು. ಯಾತ್ರೆ ಮುಗಿಸಿ ಬಂದವರನ್ನು ನೋಡಲು ಹೋಗುವುದು ನಮ್ಮಲ್ಲಿ ಎಲ್ಲರ ಮನೆಯ ಪದ್ಧತಿ. ಕಾಶಿಗೆ ಹೋಗಿ ಬಂದವರ ಮನೆಯಲ್ಲಿ ಗಂಗೆ ಪೂಜೆ ಆಗುತ್ತದೆ, ಪುಟ್ಟ ತಾಮ್ರದ ಗಿಂಡಿಯಲ್ಲಿ ಗಂಗಾಜಲ ಹಂಚುತ್ತಾರೆ. ಉಮ್ರಾ, ಹಜ್ ಮುಗಿಸಿ ಬಂದವರ ಮನೆಯಲ್ಲಿ ಖರ್ಜೂರ, ಜಮ್‌ಜಮ್ ನೀರು. ನೆಂಟರು ಬರುತ್ತಾರೆ, ಓಣಿಯವರು ಬರುತ್ತಾರೆ, ಕೈ ಹಿಡಿದು ಮಾತಾಡುತ್ತಾರೆ, ಚಿಕ್ಕವರು ದುವಾ ಕೇಳುತ್ತಾರೆ. ಆ ಮೊದಲ ವಾರ ಎಲ್ಲರಿಗಿಂತ ಜಾಸ್ತಿ ಜನ ಬಂದು ಹೋಗುವ ಮನೆ ಅದೇ ಆಗಿರುತ್ತದೆ. ಸೋಂಕು ಹರಡಲು ಅದಕ್ಕಿಂತ ಒಳ್ಳೆಯ ವಾರ ಬೇಕಾ? ಇಂಥ ಮನೆಗೆ ಒಬ್ಬರು ಬಂದು, "ಅಜ್ಜಾರ, ಹದಿನಾಲ್ಕು ದಿನ ಒಂದು ಕೋಣ್ಯಾಗ ಇರ್ರಿ, ನೆಂಟರಿಗೆ ಆಮ್ಯಾಲೆ ಬರ್ರಿ ಅನ್ನ್ರಿ, ಜ್ವರ ಬಂದ್ರ ನನಗ ಫೋನ್ ಹಚ್ಚ್ರಿ" ಅಂತ ಹೇಳಿದ್ದರೆ? ಊರಿನ ಮಾತಿನಲ್ಲಿ, ಪರಿಚಯದ ಮುಖದಿಂದ ಬಂದ ಇಷ್ಟು ಮಾತಿಗೆ ಗನ್ನಿಗಿಂತ ಹೆಚ್ಚು ಬಲ ಇದೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಡಾಕ್ಟರ್ ಕೇಳಬೇಕಾದ ಮೊದಲ ಪ್ರಶ್ನೆ

ಮಾರ್ಚ್ 6ರಿಂದ 9. ಜ್ವರ ಬಂದ ದಿನಕ್ಕೂ ಅನುಮಾನ ಬಂದ ದಿನಕ್ಕೂ ಮೂರು ದಿನದ ಅಂತರ. ಆಗ ನಮ್ಮ ಸಣ್ಣ ಊರಿನ ವೈದ್ಯರಿಗೆ ಕೋವಿಡ್ ಅಂದರೆ ಪತ್ರಿಕೆಯಲ್ಲಿ ಓದಿದ ಚೀನಾದ ಕಾಯಿಲೆ. ಹವಾ ಬದಲಾಗುವ ಕಾಲ, ವಯಸ್ಸಾದವರು, ಮೊದಲೇ ಆಸ್ತಮಾ. ಕೆಮ್ಮು ಜ್ವರಕ್ಕೆ ಯಾರಾದರೂ ಮೊದಲು ಯೋಚಿಸುವುದು ಮಾಮೂಲಿ ಕಾರಣವನ್ನೇ.

ಇದಕ್ಕೆ ಜೋಡಿಯಾಗಿ ಇನ್ನೊಂದು ಘಟನೆ ನೆನಪಾಗುತ್ತದೆ. ಅಮೆರಿಕದ ಡಲ್ಲಾಸ್, 2014ರ ಸೆಪ್ಟೆಂಬರ್. ಎಬೋಲಾ ಹರಡಿದ್ದ ಲೈಬೀರಿಯಾದಿಂದ ಹೊರಟ ವ್ಯಕ್ತಿಯೊಬ್ಬರ ಜ್ವರವನ್ನು ಅಲ್ಲಿನ ರಾಜಧಾನಿ ಮನ್ರೋವಿಯಾದ ನಿಲ್ದಾಣದಲ್ಲಿ ನೋಡಿದ್ದರು. 97.3 ಡಿಗ್ರಿ ಫ್ಯಾರನ್‌ಹೀಟ್. ಪೂರ್ತಿ ಸಹಜ. ಸೆಪ್ಟೆಂಬರ್ 20ಕ್ಕೆ ಡಲ್ಲಾಸ್ ತಲುಪಿದರು. ನಾಲ್ಕು ದಿನ ಬಿಟ್ಟು ಆರೋಗ್ಯ ಕೆಟ್ಟಿತು. ಆಸ್ಪತ್ರೆಗೆ ಹೋದರು. ಆಫ್ರಿಕಾದಿಂದ ಬಂದಿದ್ದೇನೆ ಅಂತ ನರ್ಸ್‌ಗೆ ಹೇಳಿದರು. ಆ ಮಾತು ಚಿಕಿತ್ಸೆಯ ತೀರ್ಮಾನಕ್ಕೆ ಬರಲೇ ಇಲ್ಲ. ಆ್ಯಂಟಿಬಯೋಟಿಕ್ ಕೊಟ್ಟು ಮನೆಗೆ ಕಳಿಸಿದರು. ಸೆಪ್ಟೆಂಬರ್ 28ಕ್ಕೆ ಆಂಬುಲೆನ್ಸ್‌ನಲ್ಲಿ ವಾಪಸ್ ಬಂದರು. 30ಕ್ಕೆ ಎಬೋಲಾ ಅಂತ ಖಚಿತವಾಯಿತು. ಅಕ್ಟೋಬರ್ 8ಕ್ಕೆ ತೀರಿಕೊಂಡರು. ಅವರ ಆರೈಕೆ ಮಾಡಿದ ಇಬ್ಬರು ನರ್ಸ್‌ಗಳಿಗೆ ಸೋಂಕು ತಗುಲಿತು. ಇಬ್ಬರೂ ಉಳಿದರು.

ಡಲ್ಲಾಸ್‌ನ ದೊಡ್ಡ ಆಸ್ಪತ್ರೆಯಲ್ಲೇ ಹೀಗಾಗಿದೆ. ಕಲಬುರಗಿಯಲ್ಲಿ ಮನೆಗೆ ಬಂದು ನೋಡಿದ ಒಬ್ಬ ಡಾಕ್ಟರ್ ಮೇಲೆ ಭಾರ ಹೊರಿಸುವುದು ನ್ಯಾಯ ಅಲ್ಲ ಅಲ್ವಾ? ಮುಂದೆ ಅಮೆರಿಕ ಮಾಡಿದ ಕೆಲಸ ನೋಡಬೇಕು. ಆ ಅಕ್ಟೋಬರ್‌ನಿಂದ ಎಬೋಲಾ ಇದ್ದ ದೇಶಗಳಿಂದ ಬಂದವರ ಕೈಗೆ ನಿಲ್ದಾಣದಲ್ಲೇ ಒಂದು ಕಿಟ್ ಕೊಡಲು ಶುರುಮಾಡಿದರು. ಅದರಲ್ಲಿ ಒಂದು ಥರ್ಮಾಮೀಟರ್, ಜ್ವರ ಬರೆದಿಡಲು ಒಂದು ಹಾಳೆ, ಯಾರಿಗೆ ಫೋನ್ ಮಾಡಬೇಕು ಎಂಬ ವಿವರ. ಆಮೇಲೆ ಒಂದು ಸಾದಾ ಮೊಬೈಲ್ ಫೋನನ್ನೂ ಸೇರಿಸಿದರು. 21 ದಿನ ಪ್ರತಿದಿನ ಅವರ ಜ್ವರ ಎಷ್ಟು ಅಂತ ಸ್ಥಳೀಯ ಆರೋಗ್ಯ ಸಿಬ್ಬಂದಿ ವಿಚಾರಿಸುತ್ತಿದ್ದರು. ಎಷ್ಟು ಸರಳ ನೋಡಿ. ಅದೇ ಥರ್ಮಾಮೀಟರ್. ಒಂದು ಸಲ ಹಣೆಗೆ ಹಿಡಿದು ಬಿಡುವ ಬದಲು ಪ್ರಯಾಣಿಕರ ಜೊತೆ ಮನೆಗೇ ಕಳಿಸಿದರು.

ನಮ್ಮಲ್ಲೂ ಒಂದು ಒಳ್ಳೆಯ ಉದಾಹರಣೆ ಇದೆ, ಬಹಳ ಜನ ಮರೆತಿದ್ದಾರೆ. 2014ರ ನವೆಂಬರ್ 10ಕ್ಕೆ ಲೈಬೀರಿಯಾದಿಂದ ದೆಹಲಿಗೆ ಬಂದ ಭಾರತೀಯ ಯುವಕನೊಬ್ಬ ಅಲ್ಲಿ ಎಬೋಲಾ ಬಂದು ಗುಣವಾದವನು. ಗುಣವಾದ ಪತ್ರವೂ ಅವನ ಬಳಿ ಇತ್ತು. ಮೈ ಬಿಸಿ ಇರಲಿಲ್ಲ. ರಕ್ತದಲ್ಲಿ ವೈರಸ್ ಇರಲಿಲ್ಲ. ಆದರೆ ಅಧಿಕಾರಿಗಳು ಅಲ್ಲಿಗೆ ನಿಲ್ಲಿಸಲಿಲ್ಲ. ಗುಣವಾದ ಗಂಡಸರ ವೀರ್ಯದಲ್ಲಿ ಆ ವೈರಸ್ ಕೆಲ ಕಾಲ ಉಳಿಯುತ್ತದೆ ಎಂಬ ತಿಳಿವಳಿಕೆ ಅವರಿಗಿತ್ತು. ಪರೀಕ್ಷೆ ಮಾಡಿಸಿದರು, ಪಾಸಿಟಿವ್ ಬಂತು. ವರದಿ ನೆಗೆಟಿವ್ ಆಗುವವರೆಗೆ ನಿಲ್ದಾಣದ ಕ್ವಾರಂಟೈನ್ ಕೇಂದ್ರದಲ್ಲೇ ಇರಿಸಿಕೊಂಡರು. ಹಣೆಗೆ ಗನ್ನು ಹಿಡಿದು ಅಷ್ಟಕ್ಕೇ ಬಿಟ್ಟಿದ್ದರೆ ಅವನು ಸಲೀಸಾಗಿ ಹೊರಗೆ ಬಂದಿರುತ್ತಿದ್ದ. ಕೆಲಸಕ್ಕೆ ಬಂದದ್ದು ಅವನು ಮುಚ್ಚಿಡದೆ ತೋರಿಸಿದ ಕಾಗದ ಮತ್ತು ಅದನ್ನು ಓದಿ ಮುಂದಿನ ಪ್ರಶ್ನೆ ಕೇಳಿದ ಒಬ್ಬರು.

ಕೈ ಮೇಲಿನ ಸೀಲು

ಕಲಬುರಗಿಯ ಸಾವಿನ ನಂತರ ಕರ್ನಾಟಕ ಚುರುಕಾಯಿತು. ಪ್ರಯಾಣಿಕರನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಲಕ್ಷಣ ಇದ್ದವರು ಆಸ್ಪತ್ರೆಗೆ, ಲಕ್ಷಣ ಇಲ್ಲದಿದ್ದರೂ ವಯಸ್ಸಾದವರು, ಬಿಪಿ ಶುಗರ್ ಇದ್ದವರು ಪ್ರತ್ಯೇಕ ನಿಗಾಕ್ಕೆ, ಉಳಿದವರು ಮನೆಗೆ. ಈ ನಿಯಮ ಫೆಬ್ರವರಿ 29ಕ್ಕೆ ಇದ್ದಿದ್ದರೆ ಆ ಹಿರಿಯರು 'ಬಿ'ಯಲ್ಲಿ ಇರುತ್ತಿದ್ದರು. ಇದನ್ನು ಬರೆಯುವಾಗ ಮನಸ್ಸಿಗೆ ಕಷ್ಟವಾಗುತ್ತದೆ.

ಮಾರ್ಚ್ ಮೂರನೇ ವಾರದಿಂದ ಬೆಂಗಳೂರು ನಿಲ್ದಾಣದಲ್ಲಿ ಇಳಿದವರ ಕೈಗೆ ಸೀಲು ಒತ್ತಲು ಶುರುಮಾಡಿದರು. ಯಾವ ತಾರೀಖಿನವರೆಗೆ ಮನೆಯಲ್ಲಿ ಇರಬೇಕು ಅಂತ ಅದರಲ್ಲಿ ಇರುತ್ತಿತ್ತು. ಅಳಿಸಿಹೋಗದಂತೆ ಮತದಾನದ ಶಾಯಿ ಬಳಸಲು ಚುನಾವಣಾ ಆಯೋಗವೂ ಒಪ್ಪಿಗೆ ಕೊಟ್ಟಿತು. ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ. ಮಾರ್ಚ್ 22ಕ್ಕೆ ಅಂತರರಾಷ್ಟ್ರೀಯ ವಿಮಾನಗಳೇ ನಿಂತವು. ತಿಂಗಳ ಕೊನೆಗೆ ಕ್ವಾರಂಟೈನ್ ವಾಚ್ ಅನ್ನುವ ಆ್ಯಪ್ ಬಂತು. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕು.

ಉದ್ದೇಶ ಸರಿ ಇತ್ತು. ಆದರೆ ಇಲ್ಲಿ ಒಂದು ತಪ್ಪು ಆಯಿತು ಅಂತ ನನ್ನ ಅನಿಸಿಕೆ. ಮನೆಯಲ್ಲಿ ಕ್ವಾರಂಟೈನ್ ಆದವರ ವಿಳಾಸಗಳ ಪಟ್ಟಿಯನ್ನು ರಾಜ್ಯ ಸರ್ಕಾರ ಸಾರ್ವಜನಿಕವಾಗಿ ಹಾಕಿಬಿಟ್ಟಿತು. ಅದು ಫೋನಿಂದ ಫೋನಿಗೆ ಓಡಿತು. ಅಕ್ಕಪಕ್ಕದವರು ಬಾಗಿಲು ಮುಚ್ಚಿಕೊಂಡರು, ಹಾಲು ಹಾಕುವವರು ಬರಲಿಲ್ಲ, ಬಾಡಿಗೆ ಮನೆ ಬಿಡಿ ಅಂದವರೂ ಇದ್ದರು. ಮಹಾರಾಷ್ಟ್ರದಲ್ಲಿ ಸೀಲು ಕಂಡ ಪ್ರಯಾಣಿಕರನ್ನು ರೈಲಿನಿಂದ ಇಳಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಹೀಗಾದರೆ ಮುಂದಿನ ಸಲ ವಿದೇಶದಿಂದ ಬಂದವರು ಏನು ಮಾಡುತ್ತಾರೆ? ಮಾತ್ರೆ ನುಂಗುತ್ತಾರೆ, ತೋಳುದ್ದದ ಶರ್ಟ್ ಹಾಕುತ್ತಾರೆ, ಡಾಕ್ಟರ್ ಕೇಳಿದರೆ "ಎಲ್ಲೂ ಹೋಗಿರಲಿಲ್ಲ" ಅನ್ನುತ್ತಾರೆ. ನಿಲ್ದಾಣದ ತಪಾಸಣೆ ಪೂರ್ತಿ ನಿಂತಿರುವುದೇ ಪ್ರಯಾಣಿಕರು ನಿಜ ಹೇಳುತ್ತಾರೆ ಅನ್ನುವುದರ ಮೇಲೆ. ನಿಜ ಹೇಳಿದವರಿಗೆ ಅವಮಾನ ಆದರೆ ಇನ್ನು ಹೇಳುವವರು ಯಾರು?

ಇದೂ ನಮ್ಮಲ್ಲಿ ಹೊಸದಲ್ಲ. ಆ ಮಾರ್ಚ್‌ನಲ್ಲಿ ರಾಜ್ಯ ಬಳಸಿದ ಸಾಂಕ್ರಾಮಿಕ ರೋಗಗಳ ಕಾನೂನು 1897ರದ್ದು, ಮುಂಬೈ ಪ್ಲೇಗ್ ಕಾಲದ್ದು. ಮರುವರ್ಷ ಪ್ಲೇಗ್ ರೈಲು ಹಿಡಿದು ಬೆಂಗಳೂರಿಗೇ ಬಂತು. ಆಗಲೂ ರೈಲಿನಲ್ಲಿ ಬಂದವರ ತಪಾಸಣೆ, ಕ್ಯಾಂಪು, ಹೆದರಿ ಕಾಯಿಲೆಯವರನ್ನು ಮುಚ್ಚಿಡುವುದು ಎಲ್ಲ ಇತ್ತು.

ಬೆಂಗಳೂರು, 2021ರ ನವೆಂಬರ್

ಒಂದೂಮುಕ್ಕಾಲು ವರ್ಷ ಕಳೆಯಿತು. ಅಷ್ಟರಲ್ಲಿ ಬಹಳ ಬದಲಾಗಿತ್ತು. ನಿಲ್ದಾಣದಲ್ಲೇ ಆರ್‌ಟಿ-ಪಿಸಿಆರ್ ಇತ್ತು. ಮಾದರಿಯನ್ನು ಎಸೆಯದೆ, ವೈರಸ್ ಯಾವ ತಳಿಯದು ಅಂತ ತಿಳಿಸುವ ಜೀನೋಮ್ ಪರೀಕ್ಷೆಗೆ ಕಳಿಸುವ ಏರ್ಪಾಡು ಇತ್ತು.

ನವೆಂಬರ್ 20ಕ್ಕೆ ದಕ್ಷಿಣ ಆಫ್ರಿಕಾದ ಪ್ರಯಾಣಿಕರೊಬ್ಬರು ಬೆಂಗಳೂರಿನಲ್ಲಿ ಇಳಿದರು. ಕೈಯಲ್ಲಿ ನೆಗೆಟಿವ್ ವರದಿ ಇತ್ತು. ಜ್ವರ ಇಲ್ಲ, ಕೆಮ್ಮು ಇಲ್ಲ. ಹಣೆ ನೋಡಿ ಬಿಟ್ಟಿದ್ದರೆ ಇವರದ್ದೂ ಕಲಬುರಗಿಯ ಕಥೆಯೇ. ನಿಲ್ದಾಣದಲ್ಲಿ ಸ್ವಾಬ್ ತೆಗೆದರು, ಪಾಸಿಟಿವ್ ಬಂತು. ಹೋಟೆಲಿನಲ್ಲೇ ಪ್ರತ್ಯೇಕವಾಗಿ ಇರಿಸಿದರು. 22ಕ್ಕೆ ಮಾದರಿ ಜೀನೋಮ್ ಲ್ಯಾಬಿಗೆ ಹೋಯಿತು. ದಕ್ಷಿಣ ಆಫ್ರಿಕಾ ಹೊಸ ತಳಿಯ ವಿಷಯವನ್ನು ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿದ್ದೇ 24ಕ್ಕೆ. ಅದಕ್ಕೆ ಓಮಿಕ್ರಾನ್ ಅಂತ ಹೆಸರಿಟ್ಟದ್ದು 26ಕ್ಕೆ. ಅಂದರೆ ಹೆಸರೇ ಇಲ್ಲದ ತಳಿಯ ಮಾದರಿ ಬೆಂಗಳೂರಿನ ಲ್ಯಾಬಿನಲ್ಲಿ ಆಗಲೇ ಇತ್ತು. ಆಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ನೆಗೆಟಿವ್ ಬಂದು ಅವರು 27ಕ್ಕೆ ದುಬೈಗೆ ಹೊರಟುಹೋದರು. ಡಿಸೆಂಬರ್ 2ಕ್ಕೆ ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಕರ್ನಾಟಕದಲ್ಲಿ ಅಂತ ಪ್ರಕಟವಾಯಿತು. ಒಂದು ಇವರದ್ದು.

ಇನ್ನೊಬ್ಬರು ಬೆಂಗಳೂರಿನ ವೈದ್ಯರು. ಅವರು ವಿದೇಶಕ್ಕೆ ಹೋಗಿರಲೇ ಇಲ್ಲ. ಯಾವ ನಿಲ್ದಾಣದ ಯಾವ ಬಾಗಿಲಲ್ಲೂ ಅವರು ಸಿಗುವಂತಿರಲಿಲ್ಲ. 21ಕ್ಕೆ ಜ್ವರ, ಮೈಕೈ ನೋವು ಬಂತು. ಮರುದಿನವೇ ಪರೀಕ್ಷೆ ಮಾಡಿಸಿಕೊಂಡರು. ಮಾದರಿಯಲ್ಲಿ ವೈರಸ್ ಪ್ರಮಾಣ ಜಾಸ್ತಿ ಕಂಡದ್ದರಿಂದ ಅದನ್ನೂ ಜೀನೋಮ್ ಪರೀಕ್ಷೆಗೆ ಕಳಿಸಿದ್ದರು.

ಇಬ್ಬರ ಸಂಪರ್ಕಕ್ಕೆ ಬಂದವರನ್ನೂ ಹುಡುಕಿ ಪರೀಕ್ಷೆ ಮಾಡಿದರು. ಪ್ರಯಾಣಿಕರ ಕಡೆ ಹತ್ತಿರದ ಸಂಪರ್ಕದವರು 24, ಆ ಸಂಪರ್ಕದವರ ಸಂಪರ್ಕಕ್ಕೆ ಬಂದವರು 240. ಎಲ್ಲರೂ ನೆಗೆಟಿವ್. ವೈದ್ಯರ ಕಡೆ 13 ಮತ್ತು 205. ಅವರಲ್ಲಿ ಐದು ಜನ ಪಾಸಿಟಿವ್.